ಉಳಿದ ಮಾರ್ಫಿನ್, ಕಾಣೆಯಾದ ಒಂದು ಪ್ಯಾಚ್

(ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಲಾಗಿದೆ.)

68 ವರ್ಷದ ರೈತ. ಬಾಯಿ ಕ್ಯಾನ್ಸರ್ ಬೆನ್ನುಮೂಳೆಗೂ ಹಬ್ಬಿತ್ತು. ಕೊನೆಯ ಎರಡು ವಾರ ಮನೆಯಲ್ಲೇ ನೋವು ತಗ್ಗಿಸುವ ಉಪಶಾಮಕ ಆರೈಕೆ ನಡೆಯಿತು. ನೋವಿಗೆ ನಾಲ್ಕು ಗಂಟೆಗೊಮ್ಮೆ 10 ಮಿಲಿಗ್ರಾಂ ಮಾರ್ಫಿನ್ ಮಾತ್ರೆ, ದಿನಕ್ಕೆ ಆರರಂತೆ 84 ಮಾತ್ರೆ ಕೊಟ್ಟಿದ್ದರು. ಏಳನೇ ದಿನ ನುಂಗಲು ಆಗದಂತಾದಾಗ ವೈದ್ಯರು ಚರ್ಮಕ್ಕೆ ಅಂಟಿಸುವ, ಗಂಟೆಗೆ 25 ಮೈಕ್ರೋಗ್ರಾಂ ನೋವಿನ ಔಷಧ ಬಿಡುವ ಫೆಂಟನಿಲ್ ಪ್ಯಾಚಿಗೆ ಬದಲಿಸಿದರು. 72 ಗಂಟೆಗೆ ಒಂದು, ಪೊಟ್ಟಣದಲ್ಲಿ ಐದು. ಮೂರನೆಯ ಪ್ಯಾಚು ಎದೆಯ ಮೇಲಿದ್ದಾಗಲೇ ಅವರು ತೀರಿಕೊಂಡರು.

ಸಾವಿನ ಐದನೇ ದಿನ ಆಪ್ತಸಲಹೆಗಾರರೂ ನರ್ಸೂ ಮನೆಗೆ ಹೋದಾಗ ಔಷಧಿಯ ಡಬ್ಬ ಇನ್ನೂ ಹಾಸಿಗೆಯ ಪಕ್ಕದಲ್ಲೇ ಇತ್ತು. ಅದನ್ನು ಬೂದಿಯ ಜೊತೆ ಕಾವೇರಿಗೆ ಬಿಡೋಣ ಎಂದು ಮಗ, ಹಿತ್ತಲಲ್ಲಿ ಸುಟ್ಟುಬಿಡೋಣ ಎಂದು ಸೊಸೆ. ಪಕ್ಕದ ಮನೆಯವರು ತಮ್ಮ ಸಂಬಂಧಿಕರೊಬ್ಬರ ಕ್ಯಾನ್ಸರ್ ನೋವಿಗೆ ಮಾತ್ರೆ ಕೇಳಿದ್ದರು. ಹೆಂಡತಿ ಮಾತ್ರ ಡಬ್ಬ ಮುಟ್ಟಲು ಯಾರಿಗೂ ಬಿಡುತ್ತಿರಲಿಲ್ಲ. "ಇಷ್ಟೊಂದು ಉಳಿದದೆ ಅಂದ್ರೆ ನಾನು ಸರಿಯಾಗಿ ಕೊಡ್ಲಿಲ್ಲ ಅಂತ ತಾನೇ ಮೇಡಂ?" ಎಂಬ ಮಾತು ಹೊರಬರಲು ಬಹಳ ಹೊತ್ತು ಹಿಡಿಯಿತು.

ಇಂಥ ಮನೆಯಲ್ಲಿ ವಿಲೇವಾರಿಯ ವಿಧಾನವನ್ನು ಮೊದಲು ಹೇಳಿದರೆ ಯಾರ ಕಿವಿಗೂ ಬೀಳುವುದಿಲ್ಲ. ಮೊದಲು ಆ ಪ್ರಶ್ನೆಗೆ ಉತ್ತರ ಬೇಕು, ಅದೂ ಲೆಕ್ಕದಲ್ಲೇ. ನರ್ಸ್ ಅವರ ಮುಂದೆಯೇ ಎಣಿಸಿದರು: 46 ಮಾತ್ರೆ. ಕೊಟ್ಟದ್ದು 84, ಬಳಸಿದ್ದು 38. ಅಂದರೆ ಆರು ದಿನ ತುಂಬ, ಏಳನೆಯ ದಿನ ಎರಡು. ಒಂದು ಹೊತ್ತೂ ತಪ್ಪಿಲ್ಲ. "ಅಮ್ಮಾ, ಉಳಿದಿರೋದು ನೀವು ಕೊಡದೆ ಬಿಟ್ಟಿದ್ದಲ್ಲ, ಪ್ಯಾಚ್ ಹಾಕಿದ ಮೇಲೆ ಬೇಡವಾದದ್ದು." ಎರಡನೆಯ ಅಳುಕೂ ಇತ್ತು: ಕೊನೆಯ ಪ್ಯಾಚೇ ಜೀವ ತೆಗೆಯಿತೇ? ದಿನಕ್ಕೆ 60 ಮಿಲಿಗ್ರಾಂ ಮಾರ್ಫಿನ್‌ಗೆ ಒಗ್ಗಿದ ದೇಹಕ್ಕೆ 25ರ ಪ್ಯಾಚು ಹೊಸ ಹೊರೆಯಲ್ಲ, ಅವರನ್ನು ಕರೆದೊಯ್ದದ್ದು ಕಾಯಿಲೆ ಎಂದು ನೇರವಾಗಿ ಹೇಳಲಾಯಿತು.

ಎಣಿಕೆಯಿಂದ ಇನ್ನೊಂದು ಸಂಗತಿ ಹೊರಬಿತ್ತು. ತೆರೆಯದ ಪ್ಯಾಚು ಎರಡು, ಬಳಸಿ ಮಡಚಿಟ್ಟದ್ದು ಎರಡು. ಐದನೆಯದು ಎಲ್ಲಿ? ಶವಕ್ಕೆ ಸ್ನಾನ ಮಾಡಿಸುವಾಗ ಎದೆಯ ಮೇಲೆ ಇರಲಿಲ್ಲ ಎಂದರು ಮಗ. ಹುಡುಕಿದಾಗ ಒಗೆಯಲು ಮೂಲೆಯಲ್ಲಿಟ್ಟ ಹೊದಿಕೆಯ ಒಳಮಗ್ಗುಲಿಗೆ ಅಂಟಿಕೊಂಡಿತ್ತು. ನಾಲ್ಕು ವರ್ಷದ ಮೊಮ್ಮಗಳು ಅದೇ ರಾಶಿಯ ಮೇಲೆ ಆಡುತ್ತಿದ್ದಳು.

ಮೂರು ದಿನ ಬಳಸಿ ತೆಗೆದ ಪ್ಯಾಚಿನಲ್ಲೂ ಔಷಧದ ದೊಡ್ಡ ಪಾಲು ಉಳಿದಿರುತ್ತದೆ. ಮಗು ಅಂಟಿಸಿಕೊಂಡರೆ, ಬಾಯಿಗೆ ಹಾಕಿಕೊಂಡರೆ ಉಸಿರಾಟವೇ ನಿಲ್ಲಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಎಚ್ಚರಿಕೆ ಕೊಟ್ಟಾಗ, ಮಕ್ಕಳಿಗೆ ಅಕಸ್ಮಾತ್ತಾಗಿ ಪ್ಯಾಚು ತಗುಲಿದ 26 ಪ್ರಕರಣಗಳಲ್ಲಿ 10 ಸಾವಿನಲ್ಲಿ ಮುಗಿದಿದ್ದವು. ಮಗು ತೂಕಡಿಸುತ್ತಿದ್ದರೆ, ಉಸಿರು ನಿಧಾನವಾಗಿದ್ದರೆ, ಕಣ್ಣಿನ ಪಾಪೆ ಸೂಜಿಮೊನೆಯಂತೆ ಕಿರಿದಾಗಿದ್ದರೆ ಪ್ಯಾಚು ಕಿತ್ತು ತಕ್ಷಣ 108ಕ್ಕೆ ಕರೆ ಮಾಡಬೇಕು. ಈ ಮಗುವಿಗೆ ಏನೂ ಆಗಿರಲಿಲ್ಲ.

ಪ್ಯಾಚನ್ನು ಅಂಚು ಹಿಡಿದು ತೆಗೆದು, ಅಂಟಿನ ಭಾಗ ಒಳಗಾಗುವಂತೆ ಮಡಚಿ ಒತ್ತಬೇಕು. ಕತ್ತರಿಸಬಾರದು. ಬಳಸಿದ ಮೂರನ್ನೂ ಒಂದೊಂದಾಗಿ ಪಾಯಿಖಾನೆಗೆ ಹಾಕಿ, ಪ್ರತಿಸಲವೂ ಸಾಕಷ್ಟು ನೀರು ಬಿಡಲಾಯಿತು. ಆಮೇಲೆ ಸೋಪಿಲ್ಲದೆ ಬರೀ ನೀರಿನಲ್ಲಿ ಕೈತೊಳೆಯಬೇಕು. ಸೋಪು ಚರ್ಮದೊಳಗೆ ಔಷಧ ಇಳಿಯುವುದನ್ನು ಹೆಚ್ಚಿಸಬಹುದು.

ಔಷಧಿಯನ್ನು ಪಾಯಿಖಾನೆಗೆ ಹಾಕುವುದೇ ಎಂದು ಮಗ ಕೇಳಿದ್ದು ಸರಿಯಾದ ಪ್ರಶ್ನೆ. ಸಾಮಾನ್ಯವಾಗಿ ಹಾಕಬಾರದು. ಆದರೆ ತಪ್ಪಿ ನುಂಗಿದರೆ ಜೀವಕ್ಕೇ ಅಪಾಯವಾಗುವ ಕೆಲವಕ್ಕೆ ವಿನಾಯಿತಿ ಇದೆ. ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯ 2025ರ ಮಾರ್ಗಸೂಚಿಯಲ್ಲಿ ಫೆಂಟನಿಲ್, ಮಾರ್ಫಿನ್, ಟ್ರಮಡಾಲ್, ಟಪೆಂಟಡಾಲ್, ಡಯಾಜೆಪಾಮ್ ಸೇರಿದಂತೆ 17 ಔಷಧಗಳ ಪಟ್ಟಿ ಇದೆ. ಬಾವಿಯ ಸಮೀಪವೇ ಪಾಯಿಖಾನೆಯ ಗುಂಡಿ ಇರುವ ಮನೆಗಳಲ್ಲಿ, ನೀರು ಬಿಡುವ ವ್ಯವಸ್ಥೆಯಿಲ್ಲದ ಕಡೆ, ಮಾರ್ಫಿನ್ ಕೊಟ್ಟ ಕೇಂದ್ರಕ್ಕೇ ಮರಳಿಸುವುದು ಲೇಸು ಎಂಬುದು ನಮ್ಮ ಅಭಿಪ್ರಾಯ. ಇಲ್ಲೂ 46 ಮಾತ್ರೆ, ತೆರೆಯದ ಎರಡು ಪ್ಯಾಚು ನರ್ಸ್ ಕೈಗೆ ಹೋದವು. ಎಣಿಕೆ ಬರೆದು ಮಗನ ಸಹಿ ಪಡೆದು, ಒಂದು ಪ್ರತಿ ಮನೆಯಲ್ಲಿ ಬಿಟ್ಟರು. ಯಾರಾದರೂ ಮುಂದೆ ಕೇಳಿದರೆ ಮನೆಯವರಿಗೆ ಆ ಹಾಳೆಯೇ ಆಧಾರ.

ಪಕ್ಕದ ಮನೆಯವರ ಬೇಡಿಕೆಗೆ ಇಲ್ಲ ಎನ್ನುವುದು ಆ ತಾಯಿಗೆ ಕಷ್ಟವಾಯಿತು. ನೋವು ಏನೆಂದು ಕಂಡವರು. ಆದರೂ ಕೊಡುವಂತಿಲ್ಲ. ಮಾರ್ಫಿನ್ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಗೆ ಒಳಪಟ್ಟದ್ದು, ಚೀಟಿ ಆ ಒಬ್ಬ ರೋಗಿಯದ್ದು. ಕಾನೂನಿಗಿಂತ ಹೆಚ್ಚಾಗಿ, ಅಭ್ಯಾಸವಿಲ್ಲದ ದೇಹ, ಅದರಲ್ಲೂ ಕಿಡ್ನಿ ಸೋತ ದೇಹ ಮಾರ್ಫಿನ್‌ನ ಉಳಿಕೆಯನ್ನು ಹೊರಹಾಕಲಾರದೆ ಉಸಿರು ಕುಗ್ಗಬಹುದು. 2014ರ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಮಾರ್ಫಿನ್ ಇಟ್ಟುಕೊಂಡು ಕೊಡಬಹುದು. ಆ ರೋಗಿಯನ್ನು ಅಲ್ಲಿ ನೋಂದಾಯಿಸುವ ದಾರಿಯನ್ನು ಪಕ್ಕದವರಿಗೆ ಹೇಳಿಕೊಟ್ಟೆವು.

ಮಾತಿನ ನಡುವೆ ಆ ತಾಯಿ "ನನ್ ಮಂಡಿ ನೋವಿಗೂ ಬೇಕಾಗ್ಬೋದು, ಇರ್ಲಿ ಬುಡಿ" ಎಂದದ್ದನ್ನು ಕೇಳಿಯೂ ಕೇಳದಂತೆ ಬಿಡಬಾರದು. ಕೆಲವೊಮ್ಮೆ ಅದು ಮಂಡಿ ನೋವೇ, ಕೆಲವೊಮ್ಮೆ ಅಲ್ಲ. ಬದುಕು ಸಾಕೆನಿಸಿದೆಯೇ, ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ ಎಂದು ಒಬ್ಬರೇ ಇದ್ದಾಗ ಬಿಡಿಸಿ ಕೇಳಲಾಯಿತು. ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇವರಿಗೆ ಅಂಥದ್ದಿರಲಿಲ್ಲ, ಮಂಡಿಗೆ ಬೇರೆ ವೈದ್ಯರನ್ನು ಕಾಣಿಸಿದರು. ಹೌದು ಎಂದಿದ್ದರೆ ಮಾತ್ರೆ ಆ ಹೊತ್ತೇ ಮನೆಯಿಂದ ಹೊರಡಬೇಕು, ಒಬ್ಬರು ಜೊತೆಗಿರಬೇಕು, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬೇಕು.

ಉಳಿದವುಗಳಿಗೆ ಅವಸರವಿಲ್ಲ. ಬಿಪಿ ಮಾತ್ರೆ, ಗ್ಯಾಸ್ ಮಾತ್ರೆ, ಮಲಬದ್ಧತೆಯ ಮಾತ್ರೆಗಳನ್ನು ಮನಸ್ಸು ಒಪ್ಪಿದಾಗ ತೆಗೆದರೆ ಸಾಕು. ಸ್ಟ್ರಿಪ್‌ನಿಂದ ಬಿಡಿಸಿ, ಪುಡಿ ಮಾಡದೆ, ಚಹಾ ಚರಟದೊಂದಿಗೆ ಕಲೆಸಿ, ಮುಚ್ಚಳದ ಡಬ್ಬಿಯಲ್ಲಿ ಬಿಗಿದು ಮನೆಯ ಅಪಾಯಕಾರಿ ಕಸವೆಂದು ಬೇರೆಯಾಗಿ ಕೊಡಬೇಕು. ಸ್ಟ್ರಿಪ್ ಹಾಗೇ ಎಸೆದರೆ ಕಸ ಆಯುವವರ ಕೈಗೋ ಮಾರುವವರ ಕೈಗೋ ಹೋಗುತ್ತದೆ. ಸುಟ್ಟರೆ ಸ್ಟ್ರಿಪ್‌ನ ಪ್ಲಾಸ್ಟಿಕ್ಕಿನಿಂದ ವಿಷಹೊಗೆ ಬರುತ್ತದೆ, ಇನ್‌ಹೇಲರ್ ಇದ್ದರೆ ಸಿಡಿಯುತ್ತದೆ. ಕೀಮೋ ಮಾತ್ರೆಗಳನ್ನು ಬರಿಗೈಯಲ್ಲಿ ಮುಟ್ಟದೆ ಕ್ಯಾನ್ಸರ್ ಆಸ್ಪತ್ರೆಗೇ ಮರಳಿಸಬೇಕು. ಸೂಜಿಗಳಿಗೆ ಚುಚ್ಚಿ ಹೊರಬರದ ಗಟ್ಟಿ ಡಬ್ಬಿ ಬೇಕು. ಉಳಿದ ಡೈಕ್ಲೋಫೆನಾಕ್ ಇಂಜೆಕ್ಷನ್ನನ್ನು ದನಕ್ಕೆ ಚುಚ್ಚಿಸಬಾರದು: ಸತ್ತ ದನದ ಮಾಂಸದಿಂದ ರಣಹದ್ದಿನ ಕಿಡ್ನಿ ಹಾಳಾಗುತ್ತದೆ ಎಂದೇ 2006ರಲ್ಲಿ ಅದರ ಪಶು ಬಳಕೆಯನ್ನು ನಿಷೇಧಿಸಿದ್ದು.

ನದಿಗೆ ಬಿಡಬೇಕೆಂಬ ಮಗನ ಆಸೆಯನ್ನು ಪೂರ್ತಿ ತಳ್ಳಿಹಾಕಲಿಲ್ಲ. ಅಪ್ಪನದ್ದೆಂದು ಏನನ್ನಾದರೂ ಕಳಿಸಿಕೊಡಬೇಕು ಅನ್ನಿಸಿತ್ತು ಅವರಿಗೆ. ಔಷಧಿಯ ಬದಲು ಹೂವು ಬಿಟ್ಟರು.

ಮನೆ ಆರೈಕೆಯ ತಂಡಗಳಿಗೆ: ಸಾವಿನ ಸುದ್ದಿ ಬಂದ ಫೋನಿನಲ್ಲೇ, ಸಮಾಧಾನದ ಮಾತಿನ ಬೆನ್ನಿಗೆ, ಮೈಮೇಲೆ ಪ್ಯಾಚು ಎಲ್ಲಿತ್ತು ಎಂದು ಕೇಳಿ, ಸ್ನಾನಕ್ಕೆ ಮೊದಲೇ ತೆಗೆಸಿ. ಅಂಟಿಸುವಾಗಲೇ ದಿನಾಂಕ, ಜಾಗ, ತೆಗೆದದ್ದು ಬರೆಯುವ ಹಾಳೆಯನ್ನು ಮನೆಯಲ್ಲಿ ತೂಗುಹಾಕಿ. ನುಂಗುವುದು ಕಡಿಮೆಯಾಗುತ್ತಿದೆ ಎಂದು ಕಂಡರೆ ಎರಡು ವಾರದ ಮಾರ್ಫಿನ್ ಬೇಡ, ಒಂದು ವಾರದ್ದು ಕೊಡಿ.