ಪ್ರತಿ ಹೊಸ ಪದಕ್ಕೂ ನಿಘಂಟು ಬೇಕಾ?

ಇಂಗ್ಲಿಷ್ ಕಾದಂಬರಿ ಓದುವಾಗ ಪ್ರತಿ ಹೊಸ ಪದಕ್ಕೂ ನಿಘಂಟು ನೋಡಬೇಕಾ, ಹತ್ತು ಪುಟಕ್ಕೇ ಸುಸ್ತಾಗುತ್ತಿದೆ ಅಂತ ಕೇಳಿದ್ದೀರಿ. ಬೇಡ. ನೀವು ಹಿಡಿದಿರುವ ಪುಸ್ತಕವೇ ಸದ್ಯಕ್ಕೆ ಕಷ್ಟದ್ದು ಅನ್ನಿಸುತ್ತದೆ.

ಹೂ ಮತ್ತು ಪಾಲ್ ನೇಷನ್ ಎಂಬ ಭಾಷಾ ಕಲಿಕೆಯ ಸಂಶೋಧಕರ 2000ನೇ ಇಸವಿಯ ಅಧ್ಯಯನದ ಪ್ರಕಾರ, ಯಾರ ಸಹಾಯವೂ ಇಲ್ಲದೆ ಕಥೆ ಅರ್ಥವಾಗಬೇಕಾದರೆ ಸುಮಾರು ಶೇ. 98ರಷ್ಟು ಪದಗಳು ಗೊತ್ತಿರಬೇಕು. ಅಂದರೆ 50 ಪದಕ್ಕೆ ಒಂದು ಹೊಸದು. ಮಧ್ಯದ ಯಾವುದಾದರೂ ಪುಟ ತೆರೆದು ನೋಡಿ. 250 ಪದಗಳ ಪುಟದಲ್ಲಿ ಐದಾರಕ್ಕಿಂತ ಜಾಸ್ತಿ ಗೊತ್ತಿಲ್ಲದ ಪದ ಸಿಕ್ಕರೆ ಆ ಪುಸ್ತಕವನ್ನು ಎತ್ತಿಟ್ಟುಬಿಡಿ. ಕಲಿಯುವವರಿಗೆಂದೇ ಮಟ್ಟಕ್ಕೆ ತಕ್ಕಂತೆ ಬರೆದ ಗ್ರೇಡೆಡ್ ರೀಡರ್‌ಗಳಿವೆ, ಅಲ್ಲಿಂದ ಶುರು ಮಾಡಿ. ಮಕ್ಕಳ ಪುಸ್ತಕ ಸುಲಭ ಅಂತ ಹಲವರು ಹೇಳುತ್ತಾರೆ. ನಾನಂತೂ ಒಪ್ಪುವುದಿಲ್ಲ, ಪ್ರಾಣಿಗಳ ಸದ್ದು, ಪ್ರಾಸಕ್ಕೆ ತಂದ ವಿಚಿತ್ರ ಪದಗಳೇ ಅವುಗಳಲ್ಲಿ ತುಂಬಿರುತ್ತವೆ.

ಓದುವಾಗ ಹೊಸ ಪದ ಬಂದರೆ ಸುಮ್ನೆ ದಾಟಿ ಹೋಗಿ. ನಾಯಕ ಮೆಟ್ಟಿಲು ಧಡಧಡ ಇಳಿದನೋ, ಕುಂಟುತ್ತಾ ಇಳಿದನೋ ಗೊತ್ತಾಗದಿದ್ದರೂ ಇಳಿದ ಅಂತ ತಿಳಿದರೆ ಸಾಕು. ಅದೇ ಪದ ಮತ್ತೆ ಮತ್ತೆ ಬಂದು ಕಥೆಗೇ ಅಡ್ಡ ನಿಂತರೆ ಆಗ ನಿಘಂಟು ನೋಡಿ. ಬೇಜಾರಾದರೆ ಅರ್ಧಕ್ಕೇ ಬಿಟ್ಟು ಬೇರೆ ಪುಸ್ತಕ ಹಿಡಿಯಿರಿ, ಯಾರೂ ಪರೀಕ್ಷೆ ಮಾಡುವುದಿಲ್ಲ ಅಲ್ವಾ!