ಶಿವಮೊಗ್ಗದಿಂದ ಲಡಾಖ್‌ಗೆ ಬೈಕಲ್ಲಿ: 350 ಸಿಸಿ ಸಾಕಾ ಅಂತ ಕೇಳಿದವರಿಗೆ

ಐದು ಜನ ಗೆಳೆಯರು, ಹತ್ತು ದಿನ ರಜೆ, ಮನಾಲಿ ದಾರಿ. ಜೊತೆಗೆ "ಆಗುಂಬೆ ಘಾಟಿ ಓಡಿಸಿ ಅಭ್ಯಾಸ ಇದೆ, ಯಾವ ಬೈಕ್ ತಗೊಂಡು ಹೋಗೋದು" ಅನ್ನೋ ಪ್ರಶ್ನೆ. ನಿಮ್ಮ ಪ್ರಶ್ನೆ ಓದುವಾಗ ಮೊದಲು ನಗು ಬಂತು, ಆಮೇಲೆ ಹೊಟ್ಟೆ ತೊಳಸಿತು. 2022ರ ಜುಲೈನಲ್ಲಿ ನಾವೂ ಐದೇ ಜನ. ರಜೆಯೂ ಹತ್ತೇ ದಿನ. ಆಗುಂಬೆಯ ಹದಿನಾಲ್ಕು ತಿರುವಿನ ಮಾತನ್ನು ನಾವೂ ಕಂಡಕಂಡವರ ಮುಂದೆಲ್ಲ ಆಡಿದ್ದೆವು.

ತೀರ್ಥಹಳ್ಳಿಯ ಒಂದು ಹೋಟೆಲಿನಲ್ಲಿ ಕೂತು ಪ್ಲಾನ್ ಬರೆದವನು ನಾನೇ. ಮೂರು ವಾರ ಬರೀ ಬೈಕಿನ ಮಾತು. ಟೈರು, ಎಕ್ಸ್‌ಟ್ರಾ ಕ್ಲಚ್ ಕೇಬಲ್, ಪಂಕ್ಚರ್ ಕಿಟ್. ಮಿಡಿ ಉಪ್ಪಿನಕಾಯಿ ಡಬ್ಬಿಯನ್ನು ಯಾರ ಬೈಕಿಗೆ ಕಟ್ಟೋದು ಅಂತ ಜಗಳವೇ ಆಯ್ತು. ಎತ್ತರದ ಬಗ್ಗೆ ಒಬ್ಬನೂ ಬಾಯಿ ಬಿಡಲಿಲ್ಲ. ಹಿಂದೆ ಅಲ್ಲಿಗೆ ಹೋಗಿಬಂದ ಸಹೋದ್ಯೋಗಿಯೊಬ್ಬರು "ಮನಾಲಿ ಬಿಟ್ಟ ದಿನ ಜಿಸ್ಪಾದಲ್ಲಿ ಉಳೀರಿ" ಅಂದಿದ್ದರು. ಬರೆದುಕೊಂಡೆ. ಯಾಕೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬೆಂಗಳೂರಿನಿಂದ ರೈಲಿನಲ್ಲಿ ಬೈಕ್ ಕಳಿಸಿ, ದೆಹಲಿಯಲ್ಲಿ ಬಿಡಿಸಿಕೊಂಡು, ಚಂಡೀಗಢದಲ್ಲಿ ಮಲಗಿ, ಮನಾಲಿ ಮುಟ್ಟುವಷ್ಟರಲ್ಲಿ ನಾಲ್ಕು ದಿನ ಖರ್ಚು. ಐದನೇ ದಿನ ಬೆಳಿಗ್ಗೆ ಎಂಟಕ್ಕೆ ಹೊರಟೆವು. ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗದಿಂದ ಆಚೆ ಬಂದರೆ ಊರು, ಹೊಲ, ಗಾಳಿ ಎಲ್ಲ ಬೇರೆ. ಟಾಂಡಿಯ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಮುಂದಿನ ಬಂಕ್ 365 ಕಿಲೋಮೀಟರ್ ಅನ್ನೋ ಬೋರ್ಡಿನ ಮುಂದೆ ಎಲ್ಲರ ಹಾಗೆ ಫೋಟೋ ತೆಗೆಸಿಕೊಂಡೆವು. ಜಿಸ್ಪಾ ಬಂದಾಗ ಮಧ್ಯಾಹ್ನ ಒಂದೂವರೆ.

ನನ್ನ ತಪ್ಪು ಆಗಿದ್ದು ಅಲ್ಲೇ. ಅದನ್ನ ಪೂರ್ತಿ ಹೇಳ್ತೀನಿ, ಬೇಜಾರಾದರೂ ಓದಿ.

ನದಿ ಪಕ್ಕ ಟೆಂಟು, ಒಳ್ಳೆ ಬಿಸಿಲು, ಹೊಟ್ಟೆ ತುಂಬಾ ಅನ್ನ ದಾಲ್. "ಇಷ್ಟು ಬೇಗ ನಿಂತು ಏನ್ ಮಾಡೋದು ಮಾರಾಯ, ಸರ್ಚುವಿಗೆ ಹೋದರೆ ಒಂದು ದಿನ ಉಳೀತದೆ" ಅಂದ ಒಬ್ಬ. ನಾನು ಜೇಬಿನಿಂದ ಹಾಳೆ ತೆಗೆದೆ. ಪೆನ್ನಿನಿಂದ ಜಿಸ್ಪಾ ಹೊಡೆದುಹಾಕಿ ಸರ್ಚು ಅಂತ ಬರೆದೆ. ಅಷ್ಟೇ ಆಗಿದ್ದು.

ಈಗ ಲೆಕ್ಕ ನೋಡಿ. ಆಗುಂಬೆ ಇರೋದು 650 ಮೀಟರ್ ಹತ್ತಿರ. ಮುಳ್ಳಯ್ಯನಗಿರಿ, ನಮ್ಮ ರಾಜ್ಯಕ್ಕೇ ಎತ್ತರದ್ದು, 1,930. ಮನಾಲಿ ಪೇಟೆಯೇ 2,050 ಮೀಟರಿನಲ್ಲಿದೆ. ಅಂದರೆ ಮನಾಲಿಯಲ್ಲಿ ಟೀ ಕುಡಿಯುವಾಗಲೇ ನೀವು ಕರ್ನಾಟಕದ ನೆತ್ತಿ ದಾಟಿರ್ತೀರಿ. ಜಿಸ್ಪಾ ಸುಮಾರು 3,200. ಸರ್ಚು ಸುಮಾರು 4,290. ಬೆಳಿಗ್ಗೆ 2,050ರಲ್ಲಿ ಎದ್ದ ಮನುಷ್ಯ ರಾತ್ರಿ 4,290ರಲ್ಲಿ ಮಲಗಿದ. 3,000 ಮೀಟರ್ ದಾಟಿದ ಮೇಲೆ, ಹಿಂದಿನ ರಾತ್ರಿ ಮಲಗಿದ ಜಾಗಕ್ಕಿಂತ 500 ಮೀಟರಿಗಿಂತ ಜಾಸ್ತಿ ಮೇಲೆ ಹೋಗಿ ಮಲಗಬಾರದು ಅಂತ ಡಾಕ್ಟರುಗಳು ಹೇಳ್ತಾರೆ. ಹಗಲು ಎತ್ತರ ಹತ್ತಿ ಇಳಿದರೆ ಮೈ ಹೇಗೋ ತಡಕೊಳ್ಳುತ್ತದೆ. ಮಲಗುವ ಜಾಗದ ಎತ್ತರವೇ ಮುಖ್ಯ. ಈ ಒಂದು ವಾಕ್ಯ ಆವತ್ತು ಗೊತ್ತಿದ್ದಿದ್ದರೆ ಪೆನ್ನು ಜೇಬಿನಲ್ಲೇ ಇರುತ್ತಿತ್ತು.

ಇನ್ನೊಂದಿದೆ, ಇದನ್ನ ಯಾರೂ ಹೇಳೋದಿಲ್ಲ. ಸರ್ಚು ಒಂದು ಬಾಣಲೆ ಇದ್ದಂಗೆ. ಅಲ್ಲಿ ಉಸಿರು ಕಟ್ಟಿದರೆ ಸುಮ್ನೆ ಕೆಳಗಿಳಿಯೋಣ ಅಂದರೆ ಆಗಲ್ಲ. ಮನಾಲಿ ಕಡೆ ತಿರುಗಿದರೆ ಬಾರಾಲಾಚಾ ಪಾಸ್, ಅಂದರೆ ಬೆಟ್ಟ ದಾಟುವ ಜಾಗ, 4,890 ಮೀಟರಿನಲ್ಲಿ. ಲೇಹ್ ಕಡೆ ಹೋದರೆ ಗಾಟಾ ಲೂಪ್ಸ್‌ನ 21 ತಿರುವು ಹತ್ತಿ, ಅದರಾಚೆ 5,000 ಮೀಟರ್ ಮೀರಿದ ಪಾಸ್. ಇಳಿಯಬೇಕಾದರೂ ಮೊದಲು ಹತ್ತಬೇಕು.

ದಾರಿಯಲ್ಲಿ ಹಳ್ಳ ದಾಟುವಾಗಲೇ ನಮ್ಮ ಜಂಬ ಅರ್ಧ ಇಳಿದಿತ್ತು. ನಮ್ಮ ಕಡೆ ಮಳೆ ಬಂದರೆ ಹಳ್ಳ ತುಂಬುತ್ತದೆ. ಅಲ್ಲಿ ಬಿಸಿಲು ಬಂದರೆ ತುಂಬುತ್ತದೆ, ಮಂಜು ಕರಗುತ್ತಲ್ಲ. ಬೆಳಿಗ್ಗೆ ಪಾದ ಮುಳುಗುವಷ್ಟಿರುವ ನೀರು ಮಧ್ಯಾಹ್ನದ ಮೇಲೆ ಮೊಣಕಾಲಿಗೆ. ನಾವು ಹೋಗಿದ್ದು ಮಧ್ಯಾಹ್ನದ ಮೇಲೆ.

ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿ ಆಳು ಮೇಗರವಳ್ಳಿಯವ. ಅಡಿಕೆ ತೋಟದವನು. ಕೊನೆಗಾರ ಸಿಗದಿದ್ದರೆ ತಾನೇ ಹತ್ತಿ ಮರದಿಂದ ಮರಕ್ಕೆ ಜೀಕುತ್ತಾನೆ. ಬಾರಾಲಾಚಾದಲ್ಲೇ ಅವನಿಗೆ ತಲೆನೋವು ಶುರುವಾಗಿತ್ತಂತೆ. ಹೇಳಲಿಲ್ಲ. ಸರ್ಚು ಟೆಂಟಿನಲ್ಲಿ ಊಟ ಬೇಡ ಅಂದ, ಎರಡು ಸಲ ವಾಂತಿ ಮಾಡಿಕೊಂಡ. ನಾವು ತಲೆನೋವಿನ ಮಾತ್ರೆ ಕೊಟ್ಟು ಮಲಗಿಸಿದೆವು. ಮೈಯಲ್ಲಿ ಶಕ್ತಿ ಇದ್ದವನಿಗೆ ಎತ್ತರ ಏನೂ ಮಾಡಲ್ಲ ಅನ್ನೋದು ಸುಳ್ಳು. ಶಕ್ತಿಗೂ ಅದಕ್ಕೂ ಸಂಬಂಧವೇ ಇಲ್ಲ. ಶಕ್ತಿ ಇದ್ದವನು ಬಾಯಿ ಬಿಡೋದು ಲೇಟು, ಅಷ್ಟೇ ವ್ಯತ್ಯಾಸ.

ರಾತ್ರಿ ಎರಡು ಗಂಟೆ ಇರಬಹುದು. ಎದ್ದು ಕೂತ. "ಹಂಡೆಗೆ ಬೆಂಕಿ ಹಾಕೋ, ಸ್ನಾನ ಮಾಡ್ತೀನಿ" ಅಂದ. ಸ್ಪಷ್ಟವಾಗಿ, ಮನೆಯಲ್ಲಿ ತಮ್ಮನಿಗೆ ಹೇಳುವ ಹಾಗೆ. ನಾವು ಮೂವರು ರಜಾಯಿಯೊಳಗೇ ನಕ್ಕೆವು. ಆಮೇಲೆ ಶೂ ಹಾಕಿಕೊಳ್ಳೋಕೆ ಹೊರಟ. ಟಾರ್ಚ್ ಬಿಟ್ಟೆ. ಲೇಸಿನ ಎರಡು ತುದಿ ಎರಡು ಕೈಯಲ್ಲಿ ಹಿಡಕೊಂಡು ಅದನ್ನೇ ನೋಡುತ್ತಾ ಕೂತಿದ್ದಾನೆ. ಗಂಟು ಹಾಕೋದು ಹೇಗೆ ಅಂತ ಮರೆತುಹೋಗಿದೆ. ಎಬ್ಬಿಸಿ ನಿಲ್ಲಿಸಿದರೆ ಕುಡಿದವನ ಹಾಗೆ ಓಲಾಡಿದ. ಆಗ ನಗು ನಿಂತಿತು.

ಟೆಂಟಿನವನನ್ನು ಎಬ್ಬಿಸಿದೆ. ಒಂದು ಸಲ ಗೆಳೆಯನ ಮುಖಕ್ಕೆ ಟಾರ್ಚ್ ಹಿಡಿದು, "ನೀಚೆ, ನೀಚೆ, ಅಭೀ" ಅಂದ. ಕೆಳಗೆ ಕರಕೊಂಡು ಹೋಗಿ ಅಂತ. ನಿದ್ದೆಗಣ್ಣಿನಲ್ಲಿ ನನಗೆ ಅದು ನೀಚ ಅಂತ ಕೇಳಿಸಿತು. ಹಾಗೆ ಬೈದಿದ್ದರೂ ತಪ್ಪಿರಲಿಲ್ಲ ಬಿಡಿ.

ಫೋನು ಅಲ್ಲಿ ಸತ್ತ ಕಲ್ಲು. ಲಡಾಖ್ ಒಳಗೆ ಹೋದರೂ ನಮ್ಮ ಪ್ರೀಪೇಯ್ಡ್ ಸಿಮ್ ನಡೆಯೋದಿಲ್ಲ, ಪೋಸ್ಟ್‌ಪೇಯ್ಡ್ ಬೇಕು, ಇದನ್ನ ನೆನಪಿಡಿ. ಅಲ್ಲೇ ಮಲಗಿದ್ದ ಪಿಕಪ್ ಡ್ರೈವರ್ ಒಬ್ಬರು ಕೈ ಮುಗಿದು ಕೇಳಿದ್ದಕ್ಕೆ ಬಂದರು. ಸಣ್ಣ ಆಕ್ಸಿಜನ್ ಸಿಲಿಂಡರ್ ಹಿಡಕೊಂಡು, ಕತ್ತಲಲ್ಲಿ ಮತ್ತೆ ಅದೇ ಬಾರಾಲಾಚಾ. ಅವನ ತಲೆ ನನ್ನ ತೊಡೆ ಮೇಲೆ. ಬೆಳಿಗ್ಗೆ ಎಂಟರ ಹೊತ್ತಿಗೆ ಕೀಲಾಂಗ್ ಆಸ್ಪತ್ರೆ. ಮೆದುಳು ಊದಿಕೊಳ್ಳಲು ಶುರುವಾಗಿತ್ತು ಅಂದರು ಡಾಕ್ಟರ್. ಆಕ್ಸಿಜನ್, ಇಂಜೆಕ್ಷನ್ ಆಯ್ತು. ಆದರೆ ಅರ್ಧ ವಾಸಿ ಮಾಡಿದ್ದು ಇಳಿದು ಬಂದದ್ದೇ ಅಂತಲೂ ಅವರೇ ಹೇಳಿದರು. ಸಂಜೆ ಹೊತ್ತಿಗೆ ಅವನು ನನ್ನನ್ನು ನೋಡಿ ಮೊದಲು ಕೇಳಿದ್ದು, "ನನ್ ಬೈಕ್ ಎಲ್ಲೋ?"

ಉಳಿದ ಮೂವರು ಲೇಹ್ ನೋಡಿ ಬಂದರು. ನಾವಿಬ್ಬರು ಇವತ್ತಿಗೂ ನೋಡಿಲ್ಲ. ಅವನ ಅಮ್ಮ ಈಗಲೂ ನನಗೆ ಕಾಫಿ ಕೊಡ್ತಾರೆ, ಆದರೆ ಮಾತು ಮೊದಲಿನಷ್ಟಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅಂತೀನಿ. ನೀವು ಇಂಜಿನ್ ಅಳೀತಿದ್ದೀರಿ, ಅಳೆಯಬೇಕಾದ್ದು ರಜೆ. ಶಿವಮೊಗ್ಗದಿಂದ ಹತ್ತು ದಿನದಲ್ಲಿ ಲಡಾಖ್ ಬೈಕಲ್ಲಿ ಆಗಲ್ಲ. ಆಗುತ್ತೆ ಅನ್ನೋರು ಇರ್ತಾರೆ, ಅವರಿಗೆ ಅದೃಷ್ಟ ಇತ್ತು. ಹದಿನಾರು ಹದಿನೇಳು ದಿನ ಸಿಗದಿದ್ದರೆ ಈ ವರ್ಷ ಬಿಡಿ. ಅಕ್ಟೋಬರಿನಲ್ಲಿ ಕುದುರೆಮುಖ, ಕೊಡಚಾದ್ರಿ ಸುತ್ತಿ, ನಾನು ತಮಾಷೆ ಮಾಡ್ತಿಲ್ಲ.

ಹೋಗೋದೇ ಆದರೆ ಶ್ರೀನಗರದಿಂದ ಹತ್ತಿ. ಶ್ರೀನಗರ 1,585 ಮೀಟರ್, ಕಾರ್ಗಿಲ್ 2,676, ಲೇಹ್ 3,500. ನಡುವೆ ಜೋಜಿಲಾ, 4,108 ಮೀಟರಿನ ಫೋತು ಲಾ ಅನ್ನೋ ಪಾಸ್‌ಗಳು ಬರುತ್ತವೆ, ಆದರೆ ದಾಟಿ ಇಳಿದು ಮಲಗ್ತೀರಿ. ಲೇಹ್‌ನಲ್ಲಿ ಎರಡು ದಿನ ಸುಮ್ನೆ ಬಿದ್ದಿರಿ. ಎಣ್ಣೆ ಪಾರ್ಟಿ ಬೇಡ. ವಾಪಸ್ ಬರುವಾಗ ಮನಾಲಿ ದಾರಿ ಹಿಡೀರಿ, ಅಷ್ಟರಲ್ಲಿ ಮೈ ಒಗ್ಗಿರುತ್ತದೆ. ಎತ್ತರದ ಕಾಯಿಲೆ ತಡೆಯೋಕೆ ಕೊಡುವ ಡಯಾಮಾಕ್ಸ್ ಮಾತ್ರೆ ಬೇಕಾ ಅಂತ ಊರಿನಲ್ಲೇ ಡಾಕ್ಟರನ್ನ ಕೇಳಿ, ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ. ಗುಂಪಿನಲ್ಲಿ ತಲೆನೋವು ಅಂದವನನ್ನ ಯಾರೂ ಗೇಲಿ ಮಾಡೋ ಹಾಗಿಲ್ಲ ಅಂತ ಹೊರಡುವ ಮೊದಲೇ ಮಾತಾಡಿಕೊಳ್ಳಿ.

350 ಸಿಸಿ ಧಾರಾಳ ಸಾಕು. 5,000 ಮೀಟರ್ ಮೇಲೆ ಗಾಳಿ ನಮ್ಮೂರಿನ ಅರ್ಧಕ್ಕಿಂತ ಚೂರು ಜಾಸ್ತಿ ಅಷ್ಟೇ ಇರೋದರಿಂದ ಯಾವ ಬೈಕೂ ಏದುಸಿರು ಬಿಡುತ್ತದೆ. ಹಳೇ ಕಾರ್ಬ್ಯುರೇಟರ್ ಗಾಡಿ ಕಪ್ಪು ಹೊಗೆ ಉಗುಳುತ್ತದೆ, ಫ್ಯುಯಲ್ ಇಂಜೆಕ್ಷನ್ ಇದ್ದರೆ ತಾನೇ ಹೊಂದಿಸಿಕೊಳ್ಳುತ್ತದೆ. ರೈಲಿಗೆ ಹಾಕುವಾಗ ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಿಸ್ತಾರೆ. ಕನ್ನಡಿ ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳಿ, ನಮ್ಮ ಐದು ಬೈಕಿನಲ್ಲಿ ಮೂರು ಕನ್ನಡಿ ದೆಹಲಿ ಮುಟ್ಟಲಿಲ್ಲ.