ದೇಣಿಗೆ ಮನವಿ ಊಟಕ್ಕೆ ಮುಂಚೆಯೇ ಇರಲಿ

ಸುಮಾ ಅವರೇ, ಜೂನ್ 8ರ ವಿಶ್ವ ಬ್ರೈನ್ ಟ್ಯೂಮರ್ ದಿನದಂದು ದೇಣಿಗೆ ಸಂಗ್ರಹಿಸಲು ನಡೆಸುವ ಗಾಲಾ ಡಿನ್ನರ್‌ಗೆ ನೀವು ಇಲ್ಲಿ ಹಾಕಿರುವ ಕಾರ್ಯಕ್ರಮದ ಪಟ್ಟಿ ನೋಡಿದೆ. ದೀಪ, ನಾಲ್ಕು ಭಾಷಣ, ಹಾಡು, ಊಟ, ಎಲ್ಲ ಮುಗಿದ ಮೇಲೆ ದೇಣಿಗೆ ಮನವಿ. ದಯವಿಟ್ಟು ಆ ಕೊನೆಯದನ್ನು ಮೇಲಕ್ಕೆ ತನ್ನಿ. ನಮ್ಮ ಟ್ರಸ್ಟ್‌ನ ಮೊದಲ ವರ್ಷವೂ ಹೀಗೇ ಇತ್ತು. ಭಾಷಣ ಎಳೆಯಿತು, ಬಫೆ ತೆರೆದಾಗ ಒಂಬತ್ತೂವರೆ. ಜನ ಐಸ್‌ಕ್ರೀಂ ತಿಂದು ಹಾಗೇ ಪಾರ್ಕಿಂಗ್ ಕಡೆ ನಡೆದರು. ಮನವಿ ಓದುವಾಗ ಹಾಲ್‌ನಲ್ಲಿ ಇದ್ದವರು ನಾವು ಕಾರ್ಯಕರ್ತರು ಮತ್ತು ಕುರ್ಚಿ ಬಟ್ಟೆ ಬಿಚ್ಚುತ್ತಿದ್ದ ಕೇಟರಿಂಗ್ ಹುಡುಗರು. ಹೋಟೆಲ್ ಬಿಲ್ ಕಳೆದರೆ ರೋಗಿಗಳಿಗೆ ಉಳಿದದ್ದು ತುಂಬಾ ಕಡಿಮೆ.

ಮುಂದಿನ ವರ್ಷ ಸ್ಟಾರ್ಟರ್ ಕೊಟ್ಟು ಎಲ್ಲರನ್ನೂ ಕೂರಿಸಿದೆವು. ಒಬ್ಬರೇ ಒಬ್ಬರ ಮಾತು, ತಕ್ಷಣ ಮನವಿ, ಆಮೇಲೆ ಊಟ. ಮಾತಿಗೆ ಮಂತ್ರಿ, ನಟ ಯಾರೂ ಬೇಡ. ರೋಗಿಯನ್ನು ನೋಡಿಕೊಂಡ ಮನೆಯವರನ್ನು ಕರೆಯಿರಿ. ನಮ್ಮಲ್ಲಿ ಮಾತಾಡಿದವರು ರಾಯಚೂರು ಕಡೆಯ ಹೆಂಗಸು, ಗಂಡನ ಎಂಆರ್‌ಐ ಫಿಲ್ಮ್‌ಗಳನ್ನು ಸೀರೆ ಅಂಗಡಿಯ ಕವರ್‌ನಲ್ಲಿ ಹಿಡಿದು ಬಂದಿದ್ದರು. ಆಪರೇಷನ್ ಹೇಗೋ ಆಯಿತು, ರೇಡಿಯೇಷನ್‌ಗೆ ಬೆಂಗಳೂರಲ್ಲಿ ಇರೋದೇ ಕಷ್ಟ ಆಯಿತು ಅಂದರು. ಗ್ಲಿಯೋಬ್ಲಾಸ್ಟೋಮಾ ಎಂಬ ಮೆದುಳಿನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ವಾರಕ್ಕೆ 5ರಂತೆ 30 ಸಿಟ್ಟಿಂಗ್, ಅಂದರೆ ಆರು ವಾರ. ರೂಮು, ಆಟೋ, ಊಟ, ಜೊತೆಗೆ ಬಂದವರ ಕೂಲಿಯೂ ಹೋಯಿತು. ನೀವು ಕೇಳಬೇಕಾದ್ದು ಇದನ್ನೇ. ಸುಮ್ನೆ "ಸಂಶೋಧನೆಗೆ ನೆರವಾಗಿ" ಎಂದರೆ ಯಾರೂ ಜೇಬಿಗೆ ಕೈ ಹಾಕುವುದಿಲ್ಲ. "ಒಂದು ಕುಟುಂಬದ ಆರು ವಾರದ ರೂಮು ಬಾಡಿಗೆ ಯಾರು ಕೊಡುತ್ತೀರಿ?" ಎಂದು ಕೇಳಿ. ದೊಡ್ಡ ಮೊತ್ತದಿಂದ ಶುರು ಮಾಡಿ ಕೆಳಗೆ ಬನ್ನಿ. ಮೊದಲು ಕೈ ಎತ್ತುವವರಿಗೆ ವಾರ ಮೊದಲೇ ಫೋನ್ ಮಾಡಿ ಒಪ್ಪಿಸಿರಿ, ಇಲ್ಲದಿದ್ದರೆ ಎಲ್ಲರೂ ಮುಖ ಮುಖ ನೋಡಿಕೊಂಡು ಕೂರುತ್ತಾರೆ.

ಕೈ ಎತ್ತಿದ ಕೂಡಲೇ ಚೀಟಿ ಬರೆಸಿ. ಹೆಸರು, ಪ್ಯಾನ್, ಮೊಬೈಲ್, ಮೊತ್ತ, ಸಹಿ. ಪ್ರತಿ ಟೇಬಲ್‌ಗೂ ಒಬ್ಬ ಕಾರ್ಯಕರ್ತ, ಒಂದು ಪೆನ್ನು. "ನಾಳೆ ಕಳಿಸ್ತೀನಿ" ಅನ್ನುವವರಲ್ಲಿ ಎಷ್ಟೋ ಜನ ಕಳಿಸುವುದಿಲ್ಲ. ಟೇಬಲ್ ಮೇಲೆ ಕ್ಯೂಆರ್ ಇರಲಿ, ಆದರೆ ಅದೊಂದನ್ನೇ ನಂಬಬೇಡಿ. ಯುಪಿಐಗೆ ಮಿತಿ ಇದೆ, ಹೋಟೆಲ್ ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ದೊಡ್ಡ ಮೊತ್ತಕ್ಕೆ ಚೆಕ್ ಒಳ್ಳೆಯದು. ಆನ್‌ಲೈನ್ ಪಾವತಿಗೆ ರೇಜರ್‌ಪೇ ಲಿಂಕ್ ನಮಗೆ ಚೆನ್ನಾಗಿ ಹೊಂದಿತು, ಟಿಕೆಟ್‌ಗೆ ಗೂಗಲ್ ಫಾರ್ಮ್ ಸಾಕು, ದುಬಾರಿ ಈವೆಂಟ್ ಆ್ಯಪ್ ಖಂಡಿತ ಬೇಡ.

ಪೋಸ್ಟರ್‌ನಲ್ಲಿ "ಟಿಕೆಟ್‌ಗೆ 80ಜಿ ಇದೆ", ಅಂದರೆ ದಾನಕ್ಕೆ ಸಿಗುವ ಆದಾಯ ತೆರಿಗೆ ರಿಯಾಯಿತಿ ಇದೆ ಎಂದು ಹಾಕಿದ್ದೀರಿ. ಇವತ್ತೇ ತೆಗೆಸಿ! ಊಟ ಕೊಟ್ಟು ತೆಗೆದುಕೊಂಡ ಹಣವನ್ನು ದಾನ ಅನ್ನಲು ಬರುವುದಿಲ್ಲ. ಟಿಕೆಟ್ ಬೇರೆ, ದೇಣಿಗೆ ರಸೀದಿ ಬೇರೆ. ನಗದು 2000 ರೂ. ದಾಟಿದರೆ 80ಜಿ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಅದರ ಲಾಭವೇ ಇಲ್ಲ. ಇದನ್ನೆಲ್ಲ ಮೊದಲೇ ಹೇಳಿಬಿಡಿ. ಅಮೆರಿಕದ ಬಂಧುಗಳಿಂದ ಹಣ ಬರುತ್ತದೆ ಅಂದಿದ್ದೀರಿ. ಅವರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ತೊಂದರೆ ಇಲ್ಲ, ಅಲ್ಲಿನ ಪ್ರಜೆಯಾಗಿದ್ದರೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ಅನುಮತಿ ಇಲ್ಲದೆ ಒಂದು ಡಾಲರ್ ಕೂಡ ಮುಟ್ಟಬೇಡಿ.

ಸಂಶೋಧನೆಯ ಹಣ, ರೋಗಿಗಳ ಹಣ ಒಂದೇ ಖಾತೆಯಲ್ಲಿ ಬೆರೆಸಬೇಡಿ. ಚೀಟಿಯಲ್ಲೇ ಎರಡು ಚೌಕ ಇರಲಿ, ಕೊಡುವವರೇ ಟಿಕ್ ಮಾಡಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದಲೇ ಮೆದುಳಿನ ಅಂಗಾಂಶ ಸಂಗ್ರಹಿಸಿಡುವ ಬ್ರೈನ್ ಬ್ಯಾಂಕ್ ಇದೆ. ಅಂಥ ಕೆಲಸಕ್ಕೆ ಕೊಡುವುದಾದರೆ ಸಂಸ್ಥೆಯ ಜೊತೆ ಮೊದಲೇ ಮಾತಾಡಿ, ಯಾವುದಕ್ಕೆ ಎಂದು ಬರಹದಲ್ಲಿ ಪಡೆದುಕೊಳ್ಳಿ. ಫೋಟೋಗೆ ಮಾತ್ರ ದೊಡ್ಡ ಥರ್ಮೋಕೋಲ್ ಚೆಕ್ ಹಿಡಿಯುವುದು ಸರಿಯಲ್ಲ, ಕೊಟ್ಟವರು ಆಮೇಲೆ ಕೇಳಿಯೇ ಕೇಳುತ್ತಾರೆ.

ಇನ್ನು ಹಾಡಿಗೆ ನೀವು ಇಟ್ಟಿರುವ ಡಿಜೆ ವಿಷಯ. ರೋಗಿಗಳನ್ನು ಕರೆಯುತ್ತಿದ್ದೀರಿ ಅಲ್ವಾ? ಅವರಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ, ಜಾಸ್ತಿ ಸದ್ದು ತಡೆಯಲಾಗುವುದಿಲ್ಲ. ಮಿಣುಕುವ ಲೈಟ್ ಬೇಡ, ಡಿಜೆಯನ್ನೂ ಕೈಬಿಡಿ, ಒಂದು ವೀಣೆಯೋ ಕೊಳಲೋ ಸಾಕು. ಬಾಗಿಲ ಹತ್ತಿರದ ಟೇಬಲ್, ಪಕ್ಕದಲ್ಲಿ ಮಲಗಲು ಒಂದು ಕೋಣೆ ಕೊಡಿ. ರಾತ್ರಿ ಮಾತ್ರೆಯ ಹೊತ್ತು ತಪ್ಪಬಾರದು, ಅವರಿಗೆ ಊಟ ಎಂಟಕ್ಕೇ ಬಡಿಸಿ. ವೇದಿಕೆಗೆ ಕರೆಯುವ ಮುಂಚೆ ಒಪ್ಪಿಗೆ ಕೇಳಿ, ಆ ದಿನ ಬೇಡ ಅಂದರೆ ಬಿಟ್ಟುಬಿಡಿ. ಬದಲಿಸಿದ ಪಟ್ಟಿಯನ್ನು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.